ತಮ್ಮೆರಾಬದ ಅಗಸಿ

ಇಸವಿ ಎರಡು ಸಾವಿರ ಬಂದರೆ ಕಂಪ್ಯೂಟರುಗಳಿಗೆಲ್ಲ ತಲೆಕೆಡುತ್ತದೆ ಎಂದು ಹೆದರಿ ಅಮೆರಿಕ ನಮ್ಮಂಥವರನ್ನು ಕರೆಸಿಕೊಂಡ ಕಾಲ ಅದು. ಅಲ್ಲಿಯ ಮಾನ್ಮತ್ ಜಂಕ್ಷನ್ ಎಂಬ ಊರಿನಲ್ಲಿ ನಮ್ಮ ಮೇಲಿನ ಮನೆಯ ಮಾರ್ಗರೆಟ್‌ಗೆ ಅರವತ್ತೈದು. ಹತ್ತು ವರ್ಷದವರಿದ್ದಾಗ ಯುದ್ಧಕ್ಕೆ ಹೆದರಿ ಎಸ್ಟೋನಿಯಾದ ತಮ್ಮೆರಾಬ ಎಂಬ ಹಳ್ಳಿಯಿಂದ ದೋಣಿ ಹತ್ತಿದವರು. ಆಮೇಲೆ ಊರಿಗೆ ಬರೆದ ಒಂದು ಕಾಗದಕ್ಕೂ ಉತ್ತರ ಬಂದಿರಲಿಲ್ಲ. ಊರಿನ ಹೆಸರಲ್ಲಿ ವೆಬ್‌ಸೈಟ್ ಮಾಡಿಕೊಟ್ಟರೆ ಯಾರಾದರೂ ಒಬ್ಬರು ನೋಡಿ ಬರೆದಾರು ಎಂದು ನನ್ನ ಬೆನ್ನು ಹತ್ತಿದರು.

ಊರಿನ ಇತಿಹಾಸವನ್ನೆಲ್ಲ ಹಾಕಿದೆ. ನಾಲ್ಕು ತಿಂಗಳಾದರೂ ಒಬ್ಬ ನರಪಿಳ್ಳೆಯೂ ಬರೆಯಲಿಲ್ಲ. ಮಾರ್ಗರೆಟ್ ದಿನಾ ಮೆಟ್ಟಿಲ ಮೇಲೆ ನಿಂತು, “ಬಂತಾ?” ಎನ್ನುವರು. ಇಲ್ಲ ಎಂದು ಹೇಳಿ ಹೇಳಿ ನನಗೇ ಸಂಕಟವಾಗುತ್ತಿತ್ತು.

ನಕ್ಷೆಯನ್ನೂ ಹಾಕಿ ನೋಡೋಣವೆಂದು ಅವರು ಒಂದು ಭಾನುವಾರ ನಮ್ಮ ಊಟದ ಮೇಜಿನ ಮೇಲೆ ಪೆನ್ಸಿಲ್ ಹಿಡಿದು ಕುಳಿತರು. ತಮ್ಮದು ಬಿಟ್ಟು ಹದಿನಾಲ್ಕು ಮನೆ, ಗಾಳಿಗಿರಣಿ, ಊರ ಹಿಂದೆ ಮುಗಿಯದ ಜೌಗು, ಹಬ್ಬದಲ್ಲಿ ಹುಡುಗ ಹುಡುಗಿಯರು ನಿಂತು ಜೀಕುವ ಜೋಕಾಲಿ. ಆರು ತಿಂಗಳಿಗೆಂದು ಜೇವರ್ಗಿಯಿಂದ ಬಂದಿದ್ದ ನಮ್ಮವ್ವ ಗುರುಸಿದ್ದಮ್ಮ ಪಕ್ಕದಲ್ಲೇ ಇದ್ದಳು.

“ಜೋಕಾಲಿ ಅದ ಅಂದಮ್ಯಾಲ ಊರು ಚಲೋ ಅದ. ಶರಣೂ, ಅಗಸ್ಯಾಗ ಹಣಮಪ್ಪ ಎಲ್ಲಿ?”

ನಮ್ಮ ಕಡೆ ಊರ ಬಾಗಿಲಿಗೆ ಅಗಸಿ ಎನ್ನುತ್ತಾರೆ. ಅಲ್ಲಿ ಹನುಮಪ್ಪ ಇರಲೇಬೇಕು.

“ಅವ್ವಾ, ಅವರ ಊರಾಗ ಹಣಮಪ್ಪ ಇರಂಗಿಲ್ಲ.”

“ಹಣಮಪ್ಪ ಇಲ್ಲದ ಊರು ಎಲ್ಲ್ಯರ ಇರ್ತದೇನು? ಸಣ್ಣಾಕಿ ಇದ್ಲು, ಮರ್ತಾಳ.”

ಜರ್ಮನ್ ಜಮೀನ್ದಾರರು, ಸ್ವೀಡನ್ನಿನ ರಾಜ, ರಷ್ಯಾದ ಚಕ್ರವರ್ತಿ, ಮತ್ತೆ ರಷ್ಯನ್ನರು, ಮತ್ತೆ ಜರ್ಮನ್ನರು, ಮತ್ತೆ ರಷ್ಯನ್ನರು ಎಂದು ಆ ಊರನ್ನು ಆಳಿದವರ ಪಟ್ಟಿ ಒಪ್ಪಿಸಿದೆ. ಅವ್ವ ಗಲ್ಲಕ್ಕೆ ಕೈ ಹಚ್ಚಿದಳು.

“ನೋಡು ಮತ್ತ. ಅಗಸ್ಯಾಗ ಕಾಯಾಂವ ಇಲ್ಲಂದ್ರ ಹೋಗೋರು ಬರೋರು ಎಲ್ಲಾ ನುಗ್ತಾರ.”

ಇದನ್ನು ಇಂಗ್ಲಿಷಿಗೆ ತರುವ ಉಸಾಬರಿಗೆ ನಾನು ಹೋಗಲಿಲ್ಲ. ಮರುದಿನ ಆಫೀಸಿನಲ್ಲಿ ನಕ್ಷೆಯನ್ನು ಸ್ಕ್ಯಾನ್ ಮಾಡಿ, ಸರಿಯಾಗಿ ನೋಡದೆ ಹಾಕಿಬಿಟ್ಟೆ.

ಎರಡು ವಾರಕ್ಕೆ ಇಮೇಲ್ ಬಂತು, ಎಸ್ಟೋನಿಯನ್ ಭಾಷೆಯಲ್ಲಿ, ಮೂರು ಪುಟ. ಪ್ರಿಂಟ್ ತೆಗೆದುಕೊಂಡು ಮೇಲಿನ ಮನೆಗೆ ಓಡಿದೆ. ಶಾಲೆಯಲ್ಲಿ ಮಾರ್ಗರೆಟ್ ಪಕ್ಕ ಕೂರುತ್ತಿದ್ದ ಯೂಹಾನ್ ಮೊಮ್ಮಗಳ ಕೈಯಲ್ಲಿ ಬರೆಸಿದ್ದ. ಮಾರ್ಗರೆಟ್ ಬಾಗಿಲಲ್ಲೇ ನಿಂತು ಓದಿ ಅರ್ಥ ಹೇಳಿದರು: “ಮನೆ ಸರಿ, ಗಿರಣಿ ಸರಿ. ಊರ ಬಾಯಲ್ಲಿ ಗದೆ ಹಿಡಿದ ಕೋತಿಯನ್ನು ಯಾವ ಮೂರ್ಖರು ಕೂರಿಸಿದರು? ನಮ್ಮೂರಿಗೆ ಯಾರ್ಯಾರೋ ನುಗ್ಗಿದ್ದಾರೆ. ಕೋತಿ ಮಾತ್ರ ಬಂದಿರಲಿಲ್ಲ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಭಾನುವಾರ ಮಾರ್ಗರೆಟ್ ತಮ್ಮ ಮನೆಯಿಂದ ಕಾಫಿ ತರಲು ಹೋದಾಗ ಅವ್ವ ನಕ್ಷೆಯ ಮೇಲೆ ಪೆನ್ಸಿಲ್ ಆಡಿಸಿದ್ದಳು.

“ಸಾರಿ ಆಂಟಿ, ಇವತ್ತೇ ಡಿಲೀಟ್ ಮಾಡ್ತೀನಿ,” ಎಂದೆ.

ಮಾರ್ಗರೆಟ್ ಕಾಗದವನ್ನು ಎದೆಗೊತ್ತಿಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು ಇಳಿಯುತ್ತಿತ್ತು.

“ಐವತ್ತೈದು ವರ್ಷವಾಯಿತು ನಮ್ಮೂರಿನವರ ಕೈಲಿ ಬೈಸಿಕೊಂಡು. ಮುಟ್ಟಬೇಡ. ಇನ್ನೂ ಹದಿಮೂರು ಮನೆಯವರು ಬೈಯುವುದಿದೆ.”