ಸವಳು ನೀರಿಗೆ ಉಪ್ಪು

ಮನೆಯ ಹಿಂದಿನ ಈಜುಕೊಳದ ನೀರು ಹಸಿರಾಗಿತ್ತು. ನನ್ನ ಗಂಡ ಚೇತನಕುಮಾರ ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ನಾನೂ ಮುಟ್ಟಿರಲಿಲ್ಲ.

"ಸೊಳ್ಳಿ ಸಾಕಾಕತ್ತೀವಿ ನಾವು," ಎಂದರು ಮಾವ. "ಮೆಣಸಿನಕಾಯಿ ಸೀಜನ್ ಸುರು ಆಗೂದ್ರೊಳಗ ಇದಕ್ಕೊಂದು ಗತಿ ಕಾಣಸು. ಇಲ್ಲಾಂದ್ರ ಮಣ್ಣು ತುಂಬಸ್ತೀನಿ."

ಆಗಲಿ ಎಂದೆ. ಆಮೇಲೆ ಮಣ್ಣು ಬೇಡ ಅನ್ನಿಸಿತು.

ಚೇತನಕುಮಾರ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಸಂಜೆ ಮೈತುಂಬ ಘಾಟು ಹೊತ್ತು ಬಂದವನು ನೇರ ನೀರಿಗಿಳಿಯುತ್ತಿದ್ದ. ಕ್ಲೋರಿನ್ ಪುಡಿ ಹಾಕಿದ ನೀರು ಘಾಟಿಗೆ ಕೆಂಪಾದ ಕಣ್ಣಿಗೆ ಇನ್ನಷ್ಟು ಉರಿ. ಅದಕ್ಕೇ ಉಪ್ಪಿನ ಮಶೀನು ಹುಡುಕಿದ್ದ. ಕೊಳಕ್ಕೆ ಉಪ್ಪು ಕರಗಿಸಿದರೆ ಮಶೀನಿನೊಳಗಿನ ತಗಡುಗಳು ಅದರಿಂದಲೇ ಹದವಾಗಿ ಕ್ಲೋರಿನ್ ಮಾಡುತ್ತವೆ, ಕಣ್ಣಿಗೆ ಹಗುರ. ರಾಣೆಬೆನ್ನೂರಿನ ಅಂಗಡಿಯಲ್ಲಿ ನೀರು ಪರೀಕ್ಷೆ ಮಾಡಿಸಿ ಒಂದನ್ನು ಗೊತ್ತು ಮಾಡಿದ್ದ. ತರುವ ಮೊದಲೇ ಮೋಟೆಬೆನ್ನೂರಿನ ಹತ್ತಿರ ಕಾರು ಉರುಳಿತು.

ಅವನು ಆರಿಸಿದ್ದನ್ನೇ ತರುವುದು. ನನಗೆ ಬೇಕಾಗಿದ್ದು ಅಷ್ಟೇ.

"ನಮ್ಮ ಬೋರಿನ ನೀರ ಸವಳು," ಮಾವ ನಕ್ಕರು. "ಅದಕ್ಕ ಮತ್ತ ಉಪ್ಪು! ಪ್ಯಾಟ್ಯಾಗ ಹೇಳಬ್ಯಾಡವಾ, ಮಂದಿ ನಗತಾರ."

ಅಂಗಡಿಯವರು ಕೊಳಕ್ಕೆ ತುಂಬುವ ನೀರನ್ನು ಇನ್ನೊಮ್ಮೆ ಒಂದು ಬಾಟಲಿ ತರಲು ಹೇಳಿದ್ದರು. ಅತ್ತೆ ನೀಲಗಂಗವ್ವ ಬಾಟಲಿ ತುಂಬಿ, ಸೆರಗಿನಿಂದ ಒರೆಸಿ, ನನ್ನ ಚೀಲದಲ್ಲಿಟ್ಟರು.

ಅಂಗಡಿಯ ಪ್ರವೀಣಕುಮಾರ ನೀರಿಗೆ ಕಾಗದದ ಪಟ್ಟಿ ಅದ್ದಿ ಬಣ್ಣ ನೋಡಿದ.

"ಹೋದ ಸಲದ ಹಂಗ ಐತ್ರಿ ಅಕ್ಕಾರ. ಭಾಳ ಚಲೋ ನೀರು. ಸಾಹೇಬ್ರು ನೋಡಿದ್ದ ಮಶೀನ ಸಾಕು."

ಡಬ್ಬಿ ಮೇಜಿನ ಮೇಲೆ ಬಂತು. ಸಣ್ಣದು. ಬಿಳಿಯದು. ನಾನು ಅದರ ಮೇಲೆ ಕೈಯಿಟ್ಟೆ.

"ಮೆಟ್ಟಿಲ ಮ್ಯಾಲೆ ಬಿಳಿ ಕಲೆ ಕಟ್ಟೇತಿ," ಎಂದೆ. "ಅದೂ ಹೋಗ್ತದೇನು?"

ಅವನು ಬಿಲ್ಲು ಬರೆಯುವುದನ್ನು ನಿಲ್ಲಿಸಿದ. "ಈ ನೀರಿಗೆ ಬಿಳಿ ಕಲೆ ಕಟ್ಟೂದಿಲ್ಲಲ್ಲರಿ. ಎಲ್ಲೀ ನೀರಿದು?"

ಅತ್ತೆಗೆ ಫೋನು ಮಾಡಿದೆ.

"ಕುಡಿಯೂ ಕೊಡದ್ದು," ಎಂದರು. "ಹೊಳಿ ನೀರು. ಮಂದಿ ಕೈಯಾಗ ಸವಳ ನೀರು ಕೊಡ್ತಾರೇನವಾ? ಏನಂದಾರು?"

"ಹೋದ ಸಲ ಅವರಿಗೂ ನೀವ ತುಂಬಿಕೊಟ್ಟಿದ್ರ್ಯಾ?"

"ಹೂಂ. ಅವಗೂ ಅದನ್ನ. ಯಾಕ, ತಪ್ಪಾತೇನು?"

"ಇಲ್ಲ ಅತ್ತಿ," ಎಂದೆ.

ಕೊಳ ತುಂಬುವುದು ಬೋರಿನ ನೀರಿನಿಂದ ಎಂದು ಪ್ರವೀಣಕುಮಾರನಿಗೆ ಹೇಳಿದೆ. ಅವನು ತಲೆಯಾಡಿಸಿದ.

"ಹಂಗಾರ ಇದು ಬಾಳಿಕಿ ಬರಂಗಿಲ್ರಿ. ತಗಡಿಗೆ ಸುಣ್ಣ ಕಟ್ಟಿ ಕೂತುಬಿಡ್ತದ. ಆ ದೊಡ್ಡದು ನೋಡ್ರಿ, ಕರೆಂಟು ಹಿಂದಮುಂದ ಮಾಡಿ ತಾನ ಸುಣ್ಣ ಉದರಿಸ್ಕೋತದ." ಆಮೇಲೆ ದನಿ ತಗ್ಗಿಸಿದ. "ಸಾಹೇಬ್ರು ಆರಿಸಿದ್ದು ಇದು ಖರೇ. ನೀವು ಹೇಳಿದ್ದು ಕೊಡ್ತೀನಿ."

ಸಣ್ಣ ಡಬ್ಬಿಯ ಮೇಲೆ ನನ್ನ ಕೈ ಇನ್ನೂ ಇತ್ತು. ಅದನ್ನು ಒಯ್ದರೆ ಕೆಲವು ತಿಂಗಳು ನಡೆದೀತು. ಆಮೇಲೆ ನೀರು ಹಸಿರಾಗುತ್ತದೆ, ಮಾವನ ಮಣ್ಣಿನ ಟ್ರ್ಯಾಕ್ಟರು ಬರುತ್ತದೆ.

ಕೈ ತೆಗೆದೆ. "ದೊಡ್ಡದು ಕೊಡ್ರಿ," ಎಂದೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಡಬ್ಬಿ ನೋಡಿದರು. "ಅಂವ ಹೇಳಿದ್ದ ತಂದ್ಯಾ?"

"ಬ್ಯಾರೇದು. ನಮ್ಮ ನೀರಿಗೆ ಹೊಂದೂದು."

ಅವರು ಸರಿದು ದಾರಿ ಬಿಟ್ಟರು.

ಹಸಿರು ನೀರು ಹೊರಹಾಕಿಸಿ, ತಿಕ್ಕಿಸಿ, ಹೊಸ ನೀರು ತುಂಬಿಸಿದೆವು. ಉಪ್ಪು ಹಾಕುವ ದಿನ ಅತ್ತೆಯೂ ಬಂದರು. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಜಗಳ ಬರುತ್ತದೆ. ಅವರು ಬಕೆಟ್ಟು ತುಂಬಿ ಮೆಟ್ಟಿಲ ಮೇಲಿಡುವರು, ನಾನು ಎತ್ತಿ ಸುರಿಯುವೆ. ಚೀಲಗಳು ಮುಗಿಯುವವರೆಗೂ ಹಾಗೇ.

ಸೀಜನ್ನಿನ ಮೊದಲ ಪೇಟೆಯ ದಿನ ಮಾವ ಸಂಜೆ ಸೀನುತ್ತ ಬಂದರು. ಕಣ್ಣು ಕೆಂಪಗಿದ್ದವು. ಬಚ್ಚಲಿಗೆ ಹೋಗದೆ ಕೊಳದ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈ ತುಂಬಿ ಮುಖಕ್ಕೆ ಹಾಕಿಕೊಂಡರು. ಮತ್ತೊಮ್ಮೆ ಹಾಕಿಕೊಂಡರು.

"ಉರೀವಲ್ದು," ಎಂದರು.

ಹೂಂ ಎಂದೆ.

"ಮಣ್ಣಿನ ಟ್ರ್ಯಾಕ್ಟರಿನಂವಗ ಹೇಳಿಟ್ಟಿದ್ದೆ. ಬ್ಯಾಡ ಅಂತೀನಿ."

ಅವರು ಮುಖ ಒರೆಸಲು ಏನಾದರೂ ಬೇಕಿತ್ತು. ಟವೆಲ್ಲು ತರಲು ಒಳಗೆ ಹೋದೆ.