ಸೊಲಾಂಜ್ ಒತ್ತಿದ ಹಾರ್ನ್

ಲುದೋವಿಕ್ ಬಾರ್ಜೋ ಬ್ಯಾಸ್ಕೆಟ್‌ಬಾಲ್ ಬಿಟ್ಟು ಹದಿನೈದು ವರ್ಷವಾಗಿತ್ತು. ಆದರೂ ಅವನು ಬರುತ್ತಾನೆಂದರೆ ಅವನ ಹಳೇ ಕ್ಲಬ್ಬಿನ ಊರಾದ ವೆರ್ನಿಯೇರ್‌ನ ಜನ ಅಂಗಡಿ ಮುಚ್ಚಿ ಓಡುತ್ತಿದ್ದರು. ಬೇಕರಿಯವನು ಅವನ ಹೆಸರಲ್ಲಿ ಬ್ರಿಯೋಷ್ ಬನ್ನು ಮಾಡಿದ್ದ. ಮೇಲೆಲ್ಲ ಸಕ್ಕರೆ, ಒಳಗೆ ಬರೀ ಗಾಳಿ, ಹೆಸರಿಗೆ ತಕ್ಕಂತಿತ್ತು. ಟೀವಿಯಲ್ಲಿ ಹಾಸಿಗೆ ಮಾರುವ ಈ ಮಹಾಶಯನನ್ನು ನೋಡಲು ಪಾದ್ರಿಯೂ ಭಾನುವಾರದ ಪೂಜೆಯನ್ನು ಬೇಗ ಮುಗಿಸಿದ್ದರು. ಜನ ಮರುಳೋ ಜಾತ್ರೆ ಮರುಳೋ.

ಸೊಲಾಂಜ್‌ಗೆ ಮಾತ್ರ ಅವನನ್ನು ಕಂಡರೆ ಮೈ ಉರಿಯುತ್ತಿತ್ತು. ಮೂವತ್ತೈದು ವರ್ಷದಿಂದ ಊರ ಕ್ಲಬ್ಬಿನ ಪಂದ್ಯಗಳಲ್ಲಿ ಗಡಿಯಾರ ನೋಡಿ, ಸಮಯ ಮುಗಿದಾಗ ಹಾರ್ನ್ ಒತ್ತುವವಳು ಅವಳು. ಲುದೋ ಪ್ರತಿ ಸಲವೂ ಊರ ರೂಢಿಯಂತೆ ಅವಳ ಕೆನ್ನೆಗೆ ನಾಲ್ಕು ಮುತ್ತಿಟ್ಟು, "ಚೆನ್ನಾಗಿದೀರಾ ಜೋಸಿಯಾನ್?" ಎಂದು ಬೇರೆ ಯಾರದೋ ಹೆಸರು ಹಿಡಿದು ಕೇಳುತ್ತಿದ್ದ.

ಈಗ ಆಟದ ಹಾಲ್‌ಗೇ ಅವನ ಹೆಸರಿಡುವುದಂತೆ. ಅದರ ಮರದ ನೆಲವನ್ನು ಒಂದು ಬೇಸಿಗೆಯೆಲ್ಲ ಮಂಡಿಯೂರಿ ಹಾಸಿದವನು ಅವಳ ಗಂಡ, ಬಡಗಿ ಅರ್ಮಾಂ. ಅವನು ಸತ್ತ ಮೇಲೆ ಬಾಗಿಲಿಗೆ ಹಾಕಿದ್ದ ಅವನ ಹೆಸರಿನ ಹಿತ್ತಾಳೆ ಫಲಕವನ್ನು ಸಮಾರಂಭದ ದಿನ ಬೆಳಿಗ್ಗೆಯೇ ಕಿತ್ತಿದ್ದರು.

"ಲುದೋ ಅಂದ್ರೆ ಪ್ಯಾರಿಸ್ಸಿಂದ ಬಸ್ಸು ಬರತ್ತೆ," ಎಂದಿದ್ದಳು ಮೇಯರ್. "ಅರ್ಮಾಂ ಅಂದ್ರೆ ಯಾರು ಬರ್ತಾರೆ, ನೀನೇ ಹೇಳು."

ಲುದೋನ ಕೀರ್ತಿಯೆಲ್ಲ ನಿಂತಿದ್ದು ಒಂದು ಎಸೆತದ ಮೇಲೆ. ಕೊನೆಯ ಕ್ಷಣದ ಆ ಎಸೆತ ಕ್ಲಬ್ಬನ್ನು ದೊಡ್ಡ ಲೀಗಿಗೆ, ಅವನನ್ನು ಪ್ಯಾರಿಸ್ಸಿಗೆ ಏರಿಸಿತ್ತು. ಅವತ್ತು ಗಡಿಯಾರ ಸೊನ್ನೆಗೆ ಬಂದಾಗ ಸೊಲಾಂಜ್ ಎಲ್ಲರಂತೆ ಎದ್ದು ನಿಂತು ಕೂಗುತ್ತಿದ್ದಳು. ಹಾರ್ನ್ ಆದ ಮೇಲೆ ಕೈಬಿಟ್ಟ ಚೆಂಡು ಲೆಕ್ಕಕ್ಕಿಲ್ಲ; ಅವಳು ಅದನ್ನು ಒತ್ತಿದ್ದು ಸಮಯ ಮುಗಿದು, ಚೆಂಡು ಅವನ ಕೈಬಿಟ್ಟ ಮೇಲೆ. ಇದನ್ನವಳು ಅರ್ಮಾಂನಿಗೂ ಹೇಳಿರಲಿಲ್ಲ.

ಸಮಾರಂಭದಲ್ಲಿ ಅದೇ ಎಸೆತವನ್ನು ಮತ್ತೆ ಆಡಿ ತೋರಿಸುವುದೆಂದಾಯಿತು. ಅದೇ ಮೇಜು, ಅದೇ ಹಳೇ ಗಡಿಯಾರ, ಅದೇ ಸೊಲಾಂಜ್. ಲುದೋ ಹೊಟ್ಟೆ ಹೊತ್ತುಕೊಂಡು ಏದುಸಿರು ಬಿಡುತ್ತ ಓಡಿದ. ಐದು, ನಾಲ್ಕು, ಮೂರು ಎಂದು ಜನ ಎಣಿಸಿದರು. ಸೊಲಾಂಜ್ ಈ ಸಲ ಏಳಲಿಲ್ಲ. ಸೊನ್ನೆಗೆ ಸರಿಯಾಗಿ ಒತ್ತಿದಳು. ಚೆಂಡು ಇನ್ನೂ ಅವನ ಕೈಯಲ್ಲೇ ಇತ್ತು.

ಲುದೋ ಮೇಜಿನ ಹತ್ತಿರ ಬಂದು ಬಗ್ಗಿ, ಮೆಲ್ಲಗೆ ಹೇಳಿದ.

"ಅವತ್ತೂ ಹೀಗೇ ಒತ್ತಬೇಕಿತ್ತಲ್ವಾ, ಸೊಲಾಂಜ್?"

"ನನ್ನ ಹೆಸರು ಗೊತ್ತಿತ್ತಾ ನಿಂಗೆ."

"ನಿಮ್ಮ ಹೆಸರು ಮರೆಯೋಕಾಗತ್ತಾ."

"ಹಾಗಾದ್ರೆ ಅವತ್ತಿನ ಮಾತನ್ನ ಮೈಕಲ್ಲಿ ಹೇಳು."

ಅವನು ಮೈಕ್ ಎತ್ತಿಕೊಂಡ. "ಗಡಿಯಾರಕ್ಕೂ ನನ್ನ ಹಾಗೆ ವಯಸ್ಸಾಯ್ತು, ಏನ್ಮಾಡೋದು," ಎಂದ. ಜನ ಬಿದ್ದು ಬಿದ್ದು ನಕ್ಕರು, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೊಲಾಂಜ್‌ಗೆ ಅಸಹ್ಯವಾಯಿತು. ನೇರ ಮೇಯರ್ ಬಳಿಗೆ ಹೋದಳು.

"ಅವತ್ತಿನ ಎಸೆತ ಲೆಕ್ಕಕ್ಕಿಲ್ಲ. ಹಾರ್ನ್ ತಡ ಮಾಡಿದ್ದು ನಾನೇ."

"ಆಯ್ತು ಆಯ್ತು, ಸ್ವಲ್ಪ ಆಚೆ ಸರೀತೀಯಾ? ಫೋಟೋಗೆ ಅಡ್ಡ ಬರ್ತಿದೀಯ."

ಅರ್ಮಾಂನ ಫಲಕ ಬಾಗಿಲ ಬಳಿಯ ಬೆಂಚಿನ ಮೇಲಿತ್ತು. ಯಾರೋ ಅದರ ಮೇಲೆ ಲುದೋ ಬ್ರಿಯೋಷ್‌ಗಳನ್ನು ಜೋಡಿಸಿಟ್ಟಿದ್ದರು. ಸೊಲಾಂಜ್ ಅವನ್ನೆಲ್ಲ ಹೊರಗಿನ ಕೆಸರಿಗೆ ಸುರಿದು, ಸಕ್ಕರೆಯನ್ನು ಅಂಗಿಯ ತುದಿಯಿಂದ ಒರೆಸಿ, ಗಂಡನ ಹೆಸರನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದಳು.