ಬಸ್ಸಿಗಾಗಿ ಬಿಟ್ಟ ರೀಲು

ನಾನು ಒಂದು ಸಿನಿಮಾ ರೀಲು. ಹದಿನಾಲ್ಕು ರೀಲುಗಳ ಕಪ್ಪು-ಬಿಳುಪು ಚಿತ್ರದಲ್ಲಿ ಹದಿಮೂರನೆಯದು. ಹುಟ್ಟಿದ್ದು ಮದರಾಸಿನ ಒಂದು ಲ್ಯಾಬಿನ ಕತ್ತಲೆ ಕೋಣೆಯಲ್ಲಿ. ಔಷಧಿ ನೀರಿನಲ್ಲಿ ಮೀಯಿಸಿ, ಬಿಸಿಗಾಳಿಗೆ ಒಣಗಿಸಿ, ಸುರುಳಿ ಸುತ್ತಿ ತಗಡಿನ ಡಬ್ಬಿಯಲ್ಲಿ ಮಲಗಿಸಿದರು.

ನಮ್ಮ ಚಿತ್ರದ ಕಥೆ ಇಷ್ಟೇ. ಗಂಡ ಸತ್ತ ಮೇಲೆ ಅತ್ತೆಮನೆಯವರು ಹೊರಹಾಕಿದ ಹೆಂಗಸೊಬ್ಬಳು ಮಗಳನ್ನು ತವರಿನಲ್ಲಿ ಬಿಟ್ಟು, ಗುರುತು ಪರಿಚಯವಿಲ್ಲದ ಸಣ್ಣ ಊರಿಗೆ ಬಂದು ಖಾನಾವಳಿ ಇಡುತ್ತಾಳೆ. ಹನ್ನೆರಡನೇ ರೀಲು ಮುಗಿಯುವಾಗ, ಉಣ್ಣುವವರಿಲ್ಲದೆ ಒಲೆಯ ಮುಂದೆ ಸುಮ್ಮನೆ ಕೂತಿರುತ್ತಾಳೆ. ನನ್ನಲ್ಲಿ ಊರಿನವರು ಒಬ್ಬೊಬ್ಬರಾಗಿ ಬಂದು ಊಟಕ್ಕೆ ಕೂರುತ್ತಾರೆ. ಇನ್ನು ಮಗಳನ್ನು ಕರೆತರಬಹುದು ಎಂದು ಅವಳು ನಿಶ್ಚಯಿಸುತ್ತಾಳೆ. ಹದಿನಾಲ್ಕರಲ್ಲಿ ಬಾಗಿಲಿಗೆ ಬೀಗ ಹಾಕಿ, ಕಣ್ಣೊರೆಸಿಕೊಂಡು ಬಸ್ಸು ಹತ್ತುತ್ತಾಳೆ. ಬಸ್ಸು ಧೂಳೆಬ್ಬಿಸಿಕೊಂಡು ಹೋಗುವುದರೊಂದಿಗೆ ಚಿತ್ರ ಮುಗಿಯುತ್ತದೆ. ನನ್ನನ್ನು ನೋಡದವರು ಅವಳು ಸೋತು ಊರು ಬಿಟ್ಟಳೆಂದೇ ತಿಳಿಯುತ್ತಾರೆ.

ದೊಡ್ಡ ಊರುಗಳಲ್ಲಿ ಓಡಿ ದಣಿದು ನಮ್ಮ ಪೆಟ್ಟಿಗೆ ಕೊಪ್ಪಳದ ಆಚೆಯ ಒಂದು ಸಣ್ಣ ಊರಿನ ಟಾಕೀಸಿಗೆ ಸೋಮವಾರ ಬಂದಿಳಿಯಿತು. ಅಲ್ಲಿ ಹಳ್ಳಿಗಳ ಕಡೆಯ ಕೊನೆಯ ಬಸ್ಸು ರಾತ್ರಿ ಒಂಬತ್ತಕ್ಕೆ. ಅದು ತಪ್ಪಿದರೆ ಮರುದಿನದಿಂದ ಹಳ್ಳಿಯ ಮಂದಿ ಟಾಕೀಸಿನ ಕಡೆ ತಲೆ ಹಾಕುವುದಿಲ್ಲ. ಮಾಲೀಕ ಚೌಡಶೆಟ್ಟರು ಚಿತ್ರ ನೋಡಿ, ಹಾಡೂ ಇಲ್ಲದ ಹೊಡೆದಾಟವೂ ಇಲ್ಲದ ಹತ್ತು ನಿಮಿಷದ ನನ್ನನ್ನು ಸಂಜೆಯ ಆಟದಲ್ಲಿ ಬಿಟ್ಟುಬಿಡಲು ಅಪ್ಪಣೆ ಮಾಡಿದರು. ಭಾನುವಾರ ಮಧ್ಯಾಹ್ನದ ಆಟಕ್ಕೆ ಮಾತ್ರ ನನಗೆ ಜಾಗ. ನನಗೆ ಅವಮಾನವಾಯಿತು, ಹೇಳಲಿಕ್ಕೆ ಸಂಕೋಚವೇನು?

ಅಲ್ಲಿಯ ಆಪರೇಟರ್ ದಾವಲಸಾಬ. ಹೆಂಡತಿ ಸತ್ತ ಮೇಲೆ ಗದಗಿನಲ್ಲಿ ಕುಡಿದು ಕೆಲಸ ಕಳೆದುಕೊಂಡು, ಆಮೇಲೆ ಕುಡಿತ ಬಿಟ್ಟು, ಮತ್ತೆ ಮನುಷ್ಯನಾಗಲು ಆ ಊರಿಗೆ ಬಂದಿದ್ದ. ಅವನು ದಿನಾ ಉಣ್ಣುತ್ತಿದ್ದುದು ಬಸ್ ನಿಲ್ದಾಣದ ಹಿಂದೆ ಶಂಕ್ರವ್ವ ಹೊಸದಾಗಿ ಇಟ್ಟಿದ್ದ ಖಾನಾವಳಿಯಲ್ಲಿ. ಗಂಡ ಎರಡನೆಯವಳನ್ನು ತಂದ ದಿನವೇ ಎದ್ದು ಬಂದವಳು ಶಂಕ್ರವ್ವ. ಮಗಳು ನೀಲಾಳನ್ನು ತನ್ನ ಅಣ್ಣನ ಮನೆಯಲ್ಲಿ ಬಿಟ್ಟಿದ್ದಳು. ಗಂಡನನ್ನು ಬಿಟ್ಟವಳ ಅಡುಗೆ ಊರಿಗೆ ರುಚಿಸಲಿಲ್ಲ, ಅದೂ ರುಚಿ ನೋಡದೆಯೇ. ಇಪ್ಪತ್ತು ದಿನವಾದರೂ ಗಿರಾಕಿ ದಾವಲಸಾಬ ಒಬ್ಬನೇ. ಖಾನಾವಳಿ ನಡೆದರೆ ಮಗಳನ್ನು ಕರೆದುಕೊಂಡು ಹೋಗು, ಇಲ್ಲವೆಂದರೆ ಗಂಡನ ಮನೆಗೇ ತಿರುಗಿ ನಡೆ ಎಂದು ಅಣ್ಣ ಹೇಳಿಕಳಿಸಿದ್ದ.

ಇದು ನಿನ್ನದೇ ಕಥೆ, ಭಾನುವಾರ ಮಧ್ಯಾಹ್ನ ತಪ್ಪದೆ ಬಾ ಎಂದು ದಾವಲಸಾಬ ಅವಳಿಗೆ ಹೇಳಿದ. ಭಾನುವಾರವೇ ಯಾಕೆ ಎಂದು ಹೇಳಲಿಲ್ಲ. ನಮ್ಮ ಟಾಕೀಸಿನಲ್ಲಿ ರೀಲು ನುಂಗುತ್ತೇವೆ ಎಂದು ಬಾಯಿಬಿಡುವ ಆಪರೇಟರ್ ಎಲ್ಲಾದರೂ ಇದ್ದಾನೆಯೇ?

ಗುರುವಾರ ಮಾಡಿದ ಪಲ್ಯ ಮಾಡಿದಂತೆಯೇ ಉಳಿಯಿತು. ಶಂಕ್ರವ್ವ ಬೇಸತ್ತು, ಬಾಗಿಲು ಎಳೆದುಕೊಂಡು ಸಂಜೆಯ ಆಟಕ್ಕೇ ಬಂದು ಹೆಂಗಸರ ಬೆಂಚಿನಲ್ಲಿ ಕೂತಳು. ಮೇಲಿದ್ದ ದಾವಲಸಾಬನಿಗೆ ಗೊತ್ತಿಲ್ಲ. ಹನ್ನೆರಡು ಮುಗಿದಾಗ ಅವನ ಕೈ ನನ್ನ ಡಬ್ಬಿಯನ್ನು ದಾಟಿ ಹದಿನಾಲ್ಕಕ್ಕೆ ಹೋಯಿತು. ಆಟ ಮುಗಿದು ದೀಪ ಹತ್ತಿದ ಮೇಲೆ ಕಿಂಡಿಯಿಂದ ಕೆಳಗೆ ನೋಡಿದ. ಜನ ಬಸ್ಸಿಗೆ ಓಡುತ್ತಿದ್ದರು, ಶಂಕ್ರವ್ವ ಒಬ್ಬಳೇ ಖಾಲಿ ಪರದೆ ನೋಡುತ್ತ ಕೂತಿದ್ದಳು. ಅವನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡ.

ಬೆಳಿಗ್ಗೆ ಖಾನಾವಳಿಗೆ ಬೀಗ. ದಾವಲಸಾಬ ನನ್ನನ್ನು ಚೀಲಕ್ಕೆ ಹಾಕಿಕೊಂಡು ನಿಲ್ದಾಣಕ್ಕೆ ಓಡಿದ. ಶಂಕ್ರವ್ವ ಟ್ರಂಕಿನ ಮೇಲೆ ಕೂತಿದ್ದಳು.

"ಯಕ್ಕಾ, ನೀ ನೋಡಿದ್ದು ಪೂರಾ ಸಿನಿಮಾ ಅಲ್ಲ. ಒಂದು ರೀಲು ನಾನು ಬಿಟ್ಟೀನಿ. ಅದರಾಗ ಊರ ಮಂದಿ ಉಣ್ಣಾಕ ಬರತಾರ. ಆಕಿ ಊರು ಬಿಟ್ಟು ಹೋಗಂಗಿಲ್ಲ, ಮಗಳನ್ನ ಕರಕೊಂಡು ಬರಾಕ ಹೋಗತಾಳ."

ಶಂಕ್ರವ್ವ ನಕ್ಕಳು. ಅಂಥ ನಗುವನ್ನು ನಮ್ಮ ನಾಯಕಿ ಹದಿನಾಲ್ಕು ರೀಲಿನಲ್ಲಿ ಎಲ್ಲೂ ನಕ್ಕಿಲ್ಲ.

"ಯಣ್ಣಾ, ನನ್ನ ಸಮಾಧಾನಕ್ಕ ಹೇಳಾಕತ್ತಿ ಅಂತ ಗೊತ್ತೈತಿ. ಸಿನಿಮಾದಾಕಿಗೇ ಆಗಲಿಲ್ಲ, ನನಗೇನು ಆಗತೈತಿ?"

ಅವನು ಡಬ್ಬಿ ಬಿಚ್ಚಿ ನನ್ನನ್ನು ಬಿಸಿಲಿಗೆ ಹಿಡಿದ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಕರೀ ಕರೀ ಗೊಂಬಿ ಕೂತಂಗ ಕಾಣ್ತಾವ ಅಂದಳು. ಉಣ್ಣುತ್ತಿದ್ದಾರೋ, ಅಳುತ್ತಿದ್ದಾರೋ, ಉಗುರಿನಷ್ಟಗಲದ ಚಿತ್ರದಲ್ಲಿ ಹೇಗೆ ತಿಳಿಯಬೇಕು? ಓಡದ ಹೊರತು ನಾನು ಬರೀ ಪಟ್ಟಿ. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ, ಅವಳು ಟ್ರಂಕು ಎತ್ತಿಕೊಂಡು ಹತ್ತಿದಳು.

ಆ ಸಂಜೆ ದಾವಲಸಾಬ ಹಟಕ್ಕೆ ಬಿದ್ದು ನನ್ನನ್ನು ಓಡಿಸಿದ. ಊಟಕ್ಕಿಲ್ಲದ ಉಪ್ಪಿನಕಾಯಿ. ಪರದೆಯ ಮೇಲೆ ಜನ ಊಟಕ್ಕೆ ಕೂರುತ್ತಿದ್ದರೆ, ಕೆಳಗೆ ಜನ ಬಸ್ಸಿಗೆಂದು ಏಳುತ್ತಿದ್ದರು. ಕೊನೆಯವರೆಗೆ ಕೂತ ನಲವತ್ತು ಮಂದಿಗೆ ಬಸ್ಸು ತಪ್ಪಿತು. ಮರುದಿನ ಚೌಡಶೆಟ್ಟರು ಅವನನ್ನು ಕೆಲಸದಿಂದ ಬಿಡಿಸಿದರು. ಅವನು ನನ್ನನ್ನು ಕದ್ದುಕೊಂಡು ಹೊರಟ. ಭಾನುವಾರ ಮಧ್ಯಾಹ್ನದ ಆಟ ನಾನಿಲ್ಲದೆಯೇ ನಡೆಯಿತಂತೆ, ಯಾರೂ ಕೇಳಲಿಲ್ಲವಂತೆ.

ಆಮೇಲೆ ಅವನು ಹುಬ್ಬಳ್ಳಿಯಲ್ಲಿ ಒಂದು ಗೋದಾಮಿನ ಕಾವಲು ಕಾದ. ಮತ್ತೆ ಕುಡಿಯತೊಡಗಿದ. ಮೂವತ್ತು ವರ್ಷ ನಾನು ಅವನ ಮಂಚದ ಕೆಳಗಿದ್ದೆ. ಅವನು ಹೋದ ಮೇಲೆ ತಂಗಿಯ ಮಗ ನನ್ನನ್ನು ಒಡಕು ಪಾತ್ರೆಗಳ ಜೊತೆ ಗುಜರಿಗೆ ಹಾಕಿದ. ಈಗ ಮೈಯೆಲ್ಲ ಅಂಟಂಟು, ಹುಳಿ ವಾಸನೆ. ಯಾವ ಯಂತ್ರಕ್ಕೂ ನಾನಿನ್ನು ಆಗುವುದಿಲ್ಲ.

ಶಂಕ್ರವ್ವ ಏನಾದಳೋ ತಿಳಿಯಲಿಲ್ಲ. ಗಂಡನ ಮನೆಗೇ ಹೋಗಿರಬೇಕು. ದಾವಲಸಾಬ ಅವಳ ಹೆಸರನ್ನು ಎಂದೂ ಬಾಯಿಗೆ ತರಲಿಲ್ಲ. ಕುಡಿದಾಗ ನನ್ನ ಡಬ್ಬಿಯನ್ನು ಮುಂದಿಟ್ಟುಕೊಂಡು, ತಾನು ಊರು ಬಿಡುವಾಗ ಕಂಡಕ್ಟರ್ ತಿಳಿಸಿದ ಒಂದೇ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಅವಳು ಆಟಕ್ಕೆ ಬಂದಿದ್ದ ಆ ಗುರುವಾರ ದಾರಿಯಲ್ಲಿ ಗಾಲಿ ಪಂಕ್ಚರ್ ಆಗಿ, ಕೊನೆಯ ಬಸ್ಸು ನಿಲ್ದಾಣಕ್ಕೆ ಬಂದಾಗ ಒಂಬತ್ತೂವರೆಯಾಗಿತ್ತು.